ಹೃದಯ ನಿಲ್ಲಿಸಿದವರು, ಹೃದಯದ ನಕ್ಷೆ ಬರೆದವರು: ಲೋಣಾವಳಾದಿಂದ ಒಂದು ಕಥೆ

ಹೋದ ಸಂಚಿಕೆಯಲ್ಲಿ ಭೋರ್ ಘಾಟಿನ ರೈಲು ಹಳಿಯ ಬಗ್ಗೆ ಮಾತಾಡಿದ್ದೆ. ಈ ಸಲವೂ ಲೋಣಾವಳಾನೇ, ಆದರೆ ಬೆಟ್ಟ ಇಲ್ಲ, ಸುರಂಗ ಇಲ್ಲ. ಎದೆಯೊಳಗಿನ ವಿಷಯ. ವಿಡಿಯೋದಲ್ಲಿ ಆಡಿದ ಮಾತನ್ನೇ ಸ್ವಲ್ಪ ತಿದ್ದಿ, ಅಲ್ಲಿ ಸಮಯ ಸಾಲದೆ ಬಿಟ್ಟಿದ್ದ ಒಂದಷ್ಟನ್ನು ಸೇರಿಸಿ ಇಲ್ಲಿ ಹಾಕ್ತಾ ಇದ್ದೀನಿ.

ಮೊದಲು ನನ್ನ ಕಥೆ ಹೇಳಿಬಿಡ್ತೀನಿ, ಯಾಕಂದ್ರೆ ಈ ಇತಿಹಾಸದ ಬೆನ್ನು ಹತ್ತಿದ್ದೇ ಅದರಿಂದ. ಮಳೆಗಾಲದ ಒಂದು ಭಾನುವಾರ. ಹಿಂಜವಡಿಯ ಆಫೀಸಿನ ನಾವು ಐದು ಜನ ಲೋಹಗಡ ಹತ್ತಿ ಇಳಿದು, ಲೋಣಾವಳಾ ಪೇಟೆಯಲ್ಲಿ ಚಿಕ್ಕಿ ಕೊಳ್ಳೋಣ ಅಂತ ನಿಂತಿದ್ವಿ. ಕೆಳಗೆ ಬಿದ್ದ ಪರ್ಸ್ ಎತ್ತಲು ಬಗ್ಗಿ ಎದ್ದೆ ನೋಡಿ, ಎದೆಯಲ್ಲಿ ಯಾರೋ ಸ್ವಿಚ್ ಹಾಕಿದ ಹಾಗೆ ಶುರುವಾಯ್ತು. ನಿಧಾನವಾಗಿ ಏರೋದಲ್ಲ, ಒಂದೇ ಏಟಿಗೆ. ಕುತ್ತಿಗೆಯಲ್ಲಿ ಕಪ್ಪೆ ಕುಪ್ಪಳಿಸಿದ ಹಾಗೆ ಬಡಿತ, ಕಣ್ಣಿಗೆ ಕತ್ತಲೆ. ನನಗೆ ಇದು ಹೊಸದಲ್ಲ. ಎರಡು ವರ್ಷದಿಂದ ಆಗಾಗ ಬರ್ತಿತ್ತು. ಪ್ರತಿ ಸಲ ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಿಂತು ಹೋಗ್ತಿತ್ತು, ಈಸಿಜಿ ಪಟ್ಟಿ ಚೊಕ್ಕವಾಗಿ ಬರ್ತಿತ್ತು. "ಐಟಿ ಅಲ್ವಾ? ಟೆನ್ಶನ್. ನಿದ್ದೆ ಮಾಡಿ, ಕಾಫಿ ಕಡಿಮೆ ಮಾಡಿ" ಅಂತ ಕಳಿಸಿಬಿಡ್ತಿದ್ರು. ಒಂದು ಕಡೆ ಮಾನಸಿಕ ತಜ್ಞರಿಗೆ ಚೀಟಿ ಕೂಡ ಬರೆದುಕೊಟ್ಟಿದ್ದರು. ನಾನೂ ಹೌದೇನೋ ಅಂದುಕೊಂಡಿದ್ದೆ. ಮನೆಯವಳು ಮಾತ್ರ ನಂಬಿರಲಿಲ್ಲ.

ಆ ದಿನ ಪಕ್ಕದಲ್ಲೇ ಒಂದು ಸಣ್ಣ ಕ್ಲಿನಿಕ್ ಇತ್ತು. ವಯಸ್ಸಾದ ಡಾಕ್ಟರು. ಮಾತಿಲ್ಲದೆ ಮಲಗಿಸಿ ತಂತಿ ಅಂಟಿಸಿದರು. ನಿಮಿಷಕ್ಕೆ 190. ಪಟ್ಟಿ ಹರಿದು ನನ್ನ ಕೈಗೇ ಕೊಟ್ಟು, ಇದನ್ನ ಕಳೀಬೇಡ, ಇದು ನಿನ್ನ ಸಾಕ್ಷಿ ಅಂತ ಮರಾಠಿಯಲ್ಲಿ ಹೇಳಿದರು. ಆಮೇಲೆ ಒಂದು ಖಾಲಿ ಸಿರಿಂಜು ಕೊಟ್ಟು, ಬಾಯಿಟ್ಟು ಊದಿ ಒಳಗಿನ ದಂಡವನ್ನು ಅಲ್ಲಾಡಿಸು, 15 ಸೆಕೆಂಡು ಬಿಡಬೇಡ ಅಂದರು. ಊದಿದೆ. ತಕ್ಷಣ ನನ್ನನ್ನು ಅಂಗಾತ ಮಲಗಿಸಿ, ಕಾಲು ಎರಡನ್ನೂ ಎತ್ತಿ ಹಿಡಿದರು. ಎದೆಯಲ್ಲಿ ಒಂದು ದೊಡ್ಡ ಗುದ್ದು, ಒಂದು ಕ್ಷಣ ಖಾಲಿ, ಆಮೇಲೆ ಎಲ್ಲ ಶಾಂತ. 82.

ಔಷಧಿಯಿಲ್ಲ, ಸೂಜಿಯಿಲ್ಲ, ಬರೀ ಉಸಿರು ಕಟ್ಟಿ ಮುಕ್ಕಿದ್ದು!

ರಾತ್ರಿ ಮೈಸೂರಿನ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಚಿಕ್ಕಪ್ಪ ನಲವತ್ತು ವರ್ಷದಿಂದ ಯೋಗ ಮಾಡೋರು. ಮದುವೆ ಮುಂಜಿಗಳಲ್ಲಿ ಹುಡುಗರನ್ನೆಲ್ಲ ಸೇರಿಸಿ "ನೋಡ್ರೋ, ನಾಡಿ ನಿಲ್ಲಿಸ್ತೀನಿ" ಅಂತ ಮಣಿಕಟ್ಟು ಕೊಡ್ತಿದ್ರು. ನಿಜವಾಗ್ಲೂ ನಾಡಿ ಸಿಗ್ತಿರಲಿಲ್ಲ. ನನ್ನ ಕಥೆ ಕೇಳಿ ಅವರಿಗೆ ಖುಷಿಯೋ ಖುಷಿ. "ನೋಡಿದ್ಯಾ? ಕುಂಭಕ ಅದು! ನಮ್ಮ ಕೃಷ್ಣಮಾಚಾರ್ಯರು ಫ್ರೆಂಚ್ ಡಾಕ್ಟರಮ್ಮನ ಎದುರಿಗೆ ಹೃದಯಾನೇ ನಿಲ್ಲಿಸಿ ತೋರಿಸಿದ್ರು ಕಣೋ. ನೀನು ಲೋಣಾವಳಾದಲ್ಲೇ ಇದ್ದೀಯ. ಕೈವಲ್ಯಧಾಮದಲ್ಲಿ ಒಂದು ತಿಂಗಳು ಪ್ರಾಣಾಯಾಮ ಕಲಿ. ತಂತಿಗಿಂತಿ ಒಳಗೆ ಹಾಕಿಸ್ಕೋಬೇಡ."

ತಂತಿ ಹಾಕಿಸಿಕೊಳ್ಳೋದೋ, ಪ್ರಾಣಾಯಾಮ ಕಲಿಯೋದೋ? ಉತ್ತರ ಹುಡುಕ್ತಾ ಹೋದವನಿಗೆ ಸಿಕ್ಕಿದ್ದು ಈ ಕಥೆ. ತಮಾಷೆ ಏನಂದ್ರೆ, ಇದೇ ಪ್ರಶ್ನೆ ಹಿಡಿದುಕೊಂಡು ಅರವತ್ತು ಚಿಲ್ಲರೆ ವರ್ಷದ ಹಿಂದೆ ಅಮೆರಿಕದಿಂದ ಇಬ್ಬರು ಯಂತ್ರ ಹೊತ್ತುಕೊಂಡು ಭಾರತಕ್ಕೆ ಬಂದು, ಲೋಣಾವಳಾದಲ್ಲೂ ಇಳಿದಿದ್ದರು.

ಮೊದಲು ಕೈವಲ್ಯಧಾಮ. ಸ್ಥಾಪನೆ 1924. ಸ್ಥಾಪಿಸಿದವರು ಸ್ವಾಮಿ ಕುವಲಯಾನಂದ, ಪೂರ್ವಾಶ್ರಮದ ಹೆಸರು ಜಗನ್ನಾಥ ಗಣೇಶ ಗುಣೆ, ಹುಟ್ಟಿದ್ದು ಗುಜರಾತಿನ ಡಭೋಯಿಯಲ್ಲಿ, 1883. ಯೋಗದಿಂದ ದೇಹದಲ್ಲಿ ಏನಾಗುತ್ತೆ ಅನ್ನೋದನ್ನು ನಂಬಿಕೆಗೆ ಬಿಡಬಾರದು, ಅಳೆಯಬೇಕು ಅಂತ ಹಟ ಹಿಡಿದವರು ಅವರು. ಉಡ್ಡಿಯಾನ, ನೌಲಿ ಮಾಡುವವರನ್ನು ಎಕ್ಸ್‌ರೇ ಯಂತ್ರದ ಮುಂದೆ ನಿಲ್ಲಿಸಿದರು. ನೌಲಿ ಮಾಡುವಾಗ ಕರುಳಿನೊಳಗೆ ಒತ್ತಡ ಎಷ್ಟು ಇಳಿಯುತ್ತೆ ಅಂತ ಅಳೆದು, ಅದಕ್ಕೆ ತಮ್ಮ ಗುರು ಮಾಧವದಾಸರ ಹೆಸರಿಟ್ಟರು. ಸಂಸ್ಥೆ ಶುರುವಾದ ವರ್ಷವೇ 'ಯೋಗ ಮೀಮಾಂಸಾ' ಅನ್ನುವ ಪತ್ರಿಕೆಯನ್ನೂ ತಂದರು. ಅದೇ 1924ರಲ್ಲೇ ಹಾಲೆಂಡಿನ ವಿಲೆಮ್ ಐಂಟ್‌ಹೋವನ್‌ಗೆ ಈಸಿಜಿ ಯಂತ್ರಕ್ಕಾಗಿ ನೊಬೆಲ್ ಬಂತು. ಎರಡಕ್ಕೂ ಸಂಬಂಧ ಇಲ್ಲ, ಆದರೂ ಹೇಳಬೇಕು ಅನ್ನಿಸಿತು.

ಕನ್ನಡದ ನಂಟೂ ಇದೆ. ತಿರುಮಲೈ ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರಲ್ಲಿ, ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಜಗನ್ಮೋಹನ ಅರಮನೆಯಲ್ಲಿ ಅವರಿಗೆ ಯೋಗಶಾಲೆ ಮಾಡಿಕೊಟ್ಟರು. ಲೋಣಾವಳಾದಲ್ಲಿ ಏನು ನಡೀತಿದೆ ನೋಡಿಕೊಂಡು ಬನ್ನಿ ಅಂತ 1930ರ ದಶಕದ ಆರಂಭದಲ್ಲಿ ಕಳಿಸಿಯೂ ಇದ್ದರು. 1934ರಲ್ಲಿ ಆಚಾರ್ಯರ 'ಯೋಗ ಮಕರಂದ' ಕನ್ನಡದಲ್ಲೇ ಅಚ್ಚಾಯಿತು. ಅವರ ಶಿಷ್ಯ, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, 1937ರಲ್ಲಿ ಆರು ತಿಂಗಳ ಮಟ್ಟಿಗೆ ಕಲಿಸಿ ಬಾ ಅಂತ ಕಳಿಸಿದ್ದಕ್ಕೆ ಪುಣೆಗೆ ಬಂದವರು ಇಲ್ಲೇ ಉಳಿದುಬಿಟ್ಟರು. ನಮ್ಮಲ್ಲಿ ಎಷ್ಟು ಜನ ಆರು ತಿಂಗಳ ಪ್ರಾಜೆಕ್ಟು ಅಂತ ಬಂದು ವಾಕಡ್‌ನಲ್ಲಿ ಫ್ಲಾಟ್ ತಗೊಂಡಿದ್ದೀವಿ, ಲೆಕ್ಕ ಹಾಕಿ!

ಈಗ ಚಿಕ್ಕಪ್ಪನ ಫ್ರೆಂಚ್ ಡಾಕ್ಟರಮ್ಮ. ಹೆಸರು ತೆರೇಸ್ ಬ್ರೋಸ್, ಹೃದ್ರೋಗ ತಜ್ಞೆ. ಐಂಟ್‌ಹೋವನ್ನರ ಮೊದಲ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು, ನಡೆಸೋಕೆ ಐದು ಜನ ಬೇಕಿತ್ತು. 1935ರ ಹೊತ್ತಿಗೆ ಹೊತ್ತೊಯ್ಯಬಹುದಾದ ಯಂತ್ರ ಬಂದಿತ್ತು. ಬ್ರೋಸ್ ಅದನ್ನು ಹಿಡಿದು ಭಾರತ ಸುತ್ತಿದರು. ಯೋಗಿಗಳ ನಾಡಿ, ಉಸಿರು, ಈಸಿಜಿ ಮೂರನ್ನೂ ಒಟ್ಟಿಗೆ ದಾಖಲಿಸಿ, ಶಾರ್ಲ್ ಲೋಬ್ರಿ ಜೊತೆ 1936ರಲ್ಲಿ ಪ್ಯಾರಿಸ್ಸಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದು ದಾಖಲೆಯಲ್ಲಿ ಈಸಿಜಿ ಗೆರೆ ಕುಗ್ಗುತ್ತಾ ಕುಗ್ಗುತ್ತಾ ಸೊನ್ನೆಯ ಹತ್ತಿರ ಬಂದಿತ್ತು. ಯೋಗಿಗಳು ಇಚ್ಛಾಶಕ್ತಿಯಿಂದ ಹೃದಯ ನಿಲ್ಲಿಸಬಲ್ಲರು ಅನ್ನೋ ಮಾತಿಗೆ ಜಗತ್ತಿನಾದ್ಯಂತ ಬಲ ಬಂದಿದ್ದು ಈ ಪಟ್ಟಿಯಿಂದ.

ಇಪ್ಪತ್ತೆರಡು ವರ್ಷ ಯಾರೂ ಅದನ್ನು ಸರಿಯಾಗಿ ಮರುಪರೀಕ್ಷೆ ಮಾಡಲಿಲ್ಲ. 1957ರಲ್ಲಿ ಕ್ಯಾಲಿಫೋರ್ನಿಯಾದ ಎಂ.ಎ. ವೆಂಗರ್, ಮಿಷಿಗನ್ನಿನ ಬಸು ಕುಮಾರ ಬಾಗ್ಚಿ ಬಂದರು. ಈ ಬಾಗ್ಚಿಯವರದೇ ಒಂದು ಸಿನಿಮಾ ಆಗಬಹುದು. ಮೊದಲು ಸನ್ಯಾಸಿ, ಹೆಸರು ಸ್ವಾಮಿ ಧೀರಾನಂದ, ಪರಮಹಂಸ ಯೋಗಾನಂದರ ಜೊತೆ ಅಮೆರಿಕದಲ್ಲಿ ಯೋಗ ಹೇಳಿಕೊಡುತ್ತಿದ್ದವರು. ಕಾವಿ ಬಿಟ್ಟು, ಓದಿ, ಮೆದುಳಿನ ವಿದ್ಯುತ್ತನ್ನು ಅಳೆಯುವ ವಿಜ್ಞಾನಿಯಾದರು. ಅಂದರೆ ಪರೀಕ್ಷೆ ಮಾಡಲು ಬಂದವರು ಯೋಗದ ವೈರಿಯಲ್ಲ, ಒಳಗಿನಿಂದಲೇ ಬಲ್ಲವರು. ದೆಹಲಿಯ ಏಮ್ಸ್‌ನಿಂದ ಶರೀರಕ್ರಿಯಾ ತಜ್ಞ ಬಿ.ಕೆ. ಆನಂದ್ ಜೊತೆಯಾದರು. ಐದು ತಿಂಗಳು ಊರೂರು ಸುತ್ತಿದರು. ಕೈವಲ್ಯಧಾಮದ ಸಾಧಕರನ್ನೂ ಅಳೆದರು.

ಮದ್ರಾಸಿನಲ್ಲಿ ಅವರಿಗೆ ಸಿಕ್ಕವರು, ಬ್ರೋಸ್ ಪರೀಕ್ಷಿಸಿದ್ದವರಲ್ಲೊಬ್ಬರಾದ ನಮ್ಮ ಕೃಷ್ಣಮಾಚಾರ್ಯರು! ಆಗ ಅವರಿಗೆ ಎಪ್ಪತ್ತು ಹತ್ತಿರ.

ಫಲಿತಾಂಶ ಬಂದಿದ್ದು 1961ರ ಡಿಸೆಂಬರಿನಲ್ಲಿ, 'ಸರ್ಕ್ಯುಲೇಶನ್' ಪತ್ರಿಕೆಯಲ್ಲಿ. ಒಟ್ಟು ನಾಲ್ವರು. ಯಾರ ಹೃದಯವೂ ನಿಲ್ಲಲಿಲ್ಲ. ಮೂವರು ಮಾಡುತ್ತಿದ್ದದ್ದು ಇಷ್ಟು: ಉಸಿರು ಕಟ್ಟಿ, ಗಂಟಲು ಮುಚ್ಚಿ, ಎದೆ ಹೊಟ್ಟೆಯ ಸ್ನಾಯುಗಳನ್ನು ಬಿಗಿಯೋದು. ಎದೆಯೊಳಗೆ ಒತ್ತಡ ಏರಿದಾಗ ಹೃದಯಕ್ಕೆ ವಾಪಸು ಬರುವ ರಕ್ತ ಕಡಿಮೆಯಾಗುತ್ತೆ. ಬಂದರೆ ತಾನೆ ಕಳಿಸೋದು? ಮಣಿಕಟ್ಟಿನ ನಾಡಿ ಮಾಯ, ಸ್ಟೆತೊಸ್ಕೋಪಿನಲ್ಲಿ ಶಬ್ದವೂ ಅಡಗುತ್ತೆ. ಒಳಗೆ ಹೃದಯ ಮಾತ್ರ ಬಡೀತಾನೇ ಇರುತ್ತೆ, ಈಸಿಜಿಯಲ್ಲಿ ಕಾಣ್ತಾನೇ ಇರುತ್ತೆ. ನಾಲ್ಕನೆಯವರು ಬೇರೆ ರೀತಿಯಲ್ಲಿ ಬಡಿತವನ್ನು ನಿಜವಾಗಿಯೂ ಬಹಳ ನಿಧಾನ ಮಾಡಿದರು. ಅದೂ ಸ್ನಾಯುಗಳ ಮೂಲಕವೇ, ವೇಗಸ್ ನರವನ್ನು ಎಬ್ಬಿಸಿ ಮಾಡಿದ್ದಿರಬೇಕು ಅಂತ ಬರೆದರು.

ಹಾಗಾದರೆ ಬ್ರೋಸ್ ಅವರ ಪಟ್ಟಿ ಸುಳ್ಳಾ? ಸುಳ್ಳಲ್ಲ. ಇಲ್ಲೇ ಇಡೀ ಕಥೆಯ ಕೀಲಿ ಇರೋದು, ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಈಸಿಜಿ ಅನ್ನೋದು ಹೃದಯದ ಫೋಟೋ ಅಲ್ಲ. ಮೈಮೇಲಿನ ಎರಡು ಜಾಗಗಳ ನಡುವಿನ ವಿದ್ಯುತ್ ವ್ಯತ್ಯಾಸ, ಅಷ್ಟೇ. ಆ ಜೋಡಿಗೆ ಲೀಡ್ ಅಂತಾರೆ. ಒಂದು ಲೀಡ್ ಅಂದರೆ ಒಂದು ದಿಕ್ಕಿನಿಂದ ನೋಡುವ ಒಂದು ಕಣ್ಣು. ಊದುಬತ್ತಿಯನ್ನು ಪಕ್ಕದಿಂದ ನೋಡಿದರೆ ಉದ್ದ ಕಾಣುತ್ತೆ, ತುದಿಯಿಂದ ನೋಡಿದರೆ ಬರೀ ಚುಕ್ಕೆ. ಉಸಿರು ಕಟ್ಟಿ ಬಿಗಿದಾಗ ವಪೆ ಸರಿಯುತ್ತೆ, ಅದರ ಮೇಲೆ ಕೂತ ಹೃದಯ ವಾಲಿಕೊಳ್ಳುತ್ತೆ. ಆ ಒಂದು ಕಣ್ಣಿಗೆ ಗೆರೆ ಚಿಕ್ಕದಾಗುತ್ತೆ. ಬೇರೆ ಲೀಡ್‌ಗಳಲ್ಲಿ ನೋಡಿದ್ದರೆ ಅದೇ ಬಡಿತ ದೊಡ್ಡದಾಗಿ ಕಾಣುತ್ತಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಒಂದೇ ಸರ್ವರ್‌ನ ಲಾಗ್ ನೋಡಿ ಇಡೀ ಸಿಸ್ಟಮ್ ಡೌನ್ ಅಂತ ಟಿಕೆಟ್ ಹಾಕಿದ ಹಾಗೆ.

ನನ್ನ ಎರಡು ವರ್ಷದ 'ಟೆನ್ಶನ್' ಕೂಡ ಇದೇ ಜಾತಿಯ ತಪ್ಪು. ಅವರು ತಪ್ಪು ಜಾಗದಲ್ಲಿ ನೋಡಿದರು, ನನ್ನನ್ನು ತಪ್ಪು ಹೊತ್ತಿನಲ್ಲಿ ನೋಡಿದರು. ಪಟ್ಟಿಯಲ್ಲಿ ಕಾಣದ್ದು ಇಲ್ಲವೇ ಇಲ್ಲ ಅಂತ ತೀರ್ಮಾನ ಮಾಡಿದರು.

ಹೊರಗಿಂದ ನೋಡಿದರೆ ಸಾಲದು ಅಂತಾದರೆ ಒಳಗೆ ಹೋಗಬೇಕು. ಹೋದವರು ಇದ್ದರು. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಊರಿನ ಚಿಕ್ಕ ಆಸ್ಪತ್ರೆಯ ಕಿರಿಯ ಡಾಕ್ಟರ್ ವೆರ್ನರ್ ಫೋರ್ಸ್‌ಮನ್ ತನ್ನ ಎಡಗೈ ರಕ್ತನಾಳದೊಳಗೆ ಒಂದು ತೆಳು ಕೊಳವೆ ತೂರಿಸಿ, 65 ಸೆಂಟಿಮೀಟರ್ ತಳ್ಳಿ, ಹಾಗೇ ನಡೆದುಕೊಂಡು ಎಕ್ಸ್‌ರೇ ಕೋಣೆಗೆ ಹೋಗಿ, ಅದರ ತುದಿ ಹೃದಯದೊಳಗೆ ಇರೋದನ್ನು ಫೋಟೋ ತೆಗೆಸಿಕೊಂಡ. ಬೈಸಿಕೊಂಡ. 1956ರಲ್ಲಿ ನೊಬೆಲ್ ಬಂತು. ತನ್ನ ಹೃದಯವನ್ನು ತಾನೇ ಪ್ರಯೋಗಕ್ಕೆ ಒಡ್ಡಿದ್ದರಲ್ಲಿ ಇವನಿಗೂ ನಮ್ಮ ಯೋಗಿಗಳಿಗೂ ಏನು ವ್ಯತ್ಯಾಸ ಅಂತ ನನಗೆ ಆಗಾಗ ಅನ್ನಿಸುತ್ತೆ.

ಇದಕ್ಕೂ ಮೊದಲೇ ಒಬ್ಬ ಹುಡುಗ ರೋಗದ ಗುಟ್ಟು ಕಂಡುಹಿಡಿದಿದ್ದ. ಜಾರ್ಜ್ ರಾಲ್ಫ್ ಮೈನ್ಸ್, ಇಂಗ್ಲೆಂಡಿನವನು. 1913ರ ಸುಮಾರಿಗೆ ಪ್ರಾಣಿಗಳ ಹೃದಯದಿಂದ ಸ್ನಾಯುವಿನ ಉಂಗುರ ಕತ್ತರಿಸಿಕೊಂಡು ಅದರಲ್ಲಿ ಬಡಿತದ ಅಲೆಯನ್ನು ಒಂದೇ ದಿಕ್ಕಿಗೆ ಓಡುವಂತೆ ಮಾಡಿದ. ಅಲೆ ಸುತ್ತುತ್ತಲೇ ಇತ್ತು. ಯಾರೂ ಹೊಸ ಬಡಿತ ಕೊಡಬೇಕಿಲ್ಲ, ತನ್ನ ಬಾಲ ತಾನೇ ಅಟ್ಟಿಸಿಕೊಂಡು ಹೋಗುವ ನಾಯಿಯ ಹಾಗೆ. ಉಂಗುರವನ್ನು ಒಂದು ಕಡೆ ಕತ್ತರಿಸಿದ. ಅಲೆ ನಿಂತಿತು. ಮನುಷ್ಯರಿಗೆ ಇದ್ದಕ್ಕಿದ್ದ ಹಾಗೆ ಬರುವ ಎದೆಬಡಿತಕ್ಕೂ ಇಂಥ ಸುತ್ತೇ ಕಾರಣ ಇರಬಹುದು ಅಂತ ಬರೆದ. 1914ರಲ್ಲಿ, 28ರ ವಯಸ್ಸಿಗೆ, ಮಾಂಟ್ರಿಯಲ್‌ನ ತನ್ನ ಪ್ರಯೋಗಶಾಲೆಯಲ್ಲಿ ಕುಸಿದು ಬಿದ್ದು ತೀರಿಕೊಂಡ. ಇವತ್ತಿನ ಅಬ್ಲೇಶನ್ ಅನ್ನೋದು ಅವನ ಕತ್ತರಿಯ ಕೆಲಸವೇ. ಬೇಕಾದದ್ದು ಎರಡು: ಸುತ್ತು ಎಲ್ಲಿದೆ ಅಂತ ಹೇಳುವ ನಕ್ಷೆ, ಅಲ್ಲಿವರೆಗೆ ಹೋಗುವ ಕತ್ತರಿ.

ಎರಡೂ ಸಿದ್ಧವಾಗೋಕೆ ಎಪ್ಪತ್ತು ವರ್ಷ ಹಿಡೀತು. 1967ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಡರ್ರರ್, ಪ್ಯಾರಿಸ್ಸಿನ ಕುಮೆಲ್ ಬೇರೆ ಬೇರೆಯಾಗಿ, ಹೃದಯಕ್ಕೆ ಲೆಕ್ಕಾಚಾರದ ಸಣ್ಣ ವಿದ್ಯುತ್ ತಟ್ಟು ಕೊಟ್ಟು ಈ ಓಟವನ್ನು ಬೇಕೆಂದಾಗ ಶುರು ಮಾಡಬಹುದು, ಬೇಕೆಂದಾಗ ನಿಲ್ಲಿಸಬಹುದು ಅಂತ ತೋರಿಸಿದರು. ಬಗ್ ಅನ್ನು ಬೇಕೆಂದಾಗ ಮರುಕಳಿಸೋ ಹಾಗೆ ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ ಅನ್ನೋದು ನಿಮಗೆ ಗೊತ್ತೇ ಇದೆ. 1968ರಲ್ಲಿ ಅಮೆರಿಕದ ಡ್ಯೂಕ್‌ನಲ್ಲಿ ವಿಲ್ ಸೀಲಿ ಒಬ್ಬ ಮೀನುಗಾರನ ಎದೆ ತೆರೆದು, ಹೃದಯದ ಮೇಲ್ಮೈಯಲ್ಲಿ ಚುಕ್ಕೆ ಚುಕ್ಕೆಯಾಗಿ ವಿದ್ಯುತ್ ಅಳೆದು, ಹುಟ್ಟಿನಿಂದ ಬಂದಿದ್ದ ಹೆಚ್ಚುವರಿ ದಾರಿಯನ್ನು ಕತ್ತರಿಸಿದರು. ರೋಗ ವಾಸಿ. ಆದರೆ ಎದೆ ಸೀಳಬೇಕಲ್ಲ! 1969ರಲ್ಲಿ ಬೆಂಜಮಿನ್ ಶೆರ್ಲಾಗ್ ತಂಡ, ರಕ್ತನಾಳದಿಂದ ಒಳಬಿಟ್ಟ ತಂತಿಯಲ್ಲೇ ಹಿಸ್ ಕಟ್ಟಿನ ಸಣ್ಣ ಸದ್ದನ್ನು ಹಿಡಿಯೋದು ಹೇಗೆ ಅಂತ ತೋರಿಸಿತು. ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ವಿದ್ಯುತ್ ಇಳಿಯುವ ಹೆಬ್ಬಾಗಿಲು ಅದು. ಹೆಬ್ಬಾಗಿಲು ಗೊತ್ತಾದ ಮೇಲೆ ಉಳಿದ ಜಾಗಗಳನ್ನು ಅದಕ್ಕೆ ಹೋಲಿಸಿ ಗುರುತಿಸಬಹುದು. ನಕ್ಷೆಗೆ ಉತ್ತರ ದಿಕ್ಕು ಸಿಕ್ಕ ಹಾಗಾಯ್ತು.

ಕತ್ತರಿ ಮೊದಲು ಬಂದಿದ್ದು ಒರಟಾಗಿ. 1981ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೆಲ್ವಿನ್ ಶೈನ್‌ಮನ್, ತಂತಿಯ ತುದಿಯಿಂದ ದೊಡ್ಡ ವಿದ್ಯುತ್ ಶಾಕ್ ಕೊಟ್ಟು ಆ ಹೆಬ್ಬಾಗಿಲನ್ನೇ ಸುಟ್ಟುಬಿಟ್ಟರು. ರೋಗಿಗೆ ಅರಿವಳಿಕೆ, ಆಮೇಲೆ ಜೀವನಪೂರ್ತಿ ಪೇಸ್‌ಮೇಕರ್. 80ರ ದಶಕದ ಕೊನೆಗೆ ರೇಡಿಯೋ ತರಂಗದ ಶಾಖ ಬಂತು. ತುದಿಯ ಕೆಳಗಿನ ಕೆಲವೇ ಮಿಲಿಮೀಟರ್ ಜಾಗ 50 ಡಿಗ್ರಿ ದಾಟಿದರೆ ಸಾಕು, ಅಲ್ಲಿ ಮತ್ತೆ ವಿದ್ಯುತ್ ಹರಿಯಲ್ಲ. 1991, 92ರಲ್ಲಿ ಓಕ್ಲಹೋಮಾದ ವಾರೆನ್ ಜ್ಯಾಕ್‌ಮನ್ ಮತ್ತಿತರರ ಪ್ರಬಂಧಗಳು ಬಂದ ಮೇಲೆ ಎದೆ ಸೀಳುವ ಶಸ್ತ್ರಚಿಕಿತ್ಸೆ ಹೆಚ್ಚು ಕಡಿಮೆ ನಿಂತೇ ಹೋಯಿತು. 1997ರ ಹೊತ್ತಿಗೆ ಇಸ್ರೇಲಿನ ಶ್ಲೋಮೋ ಬೆನ್-ಹೈಮ್ ತಂಡ, ಮಂಚದ ಕೆಳಗೆ ಸಣ್ಣ ಅಯಸ್ಕಾಂತ ಕ್ಷೇತ್ರ ಹಬ್ಬಿಸಿ, ತಂತಿಯ ತುದಿ ಹೃದಯದೊಳಗೆ ಎಲ್ಲಿದೆ ಅಂತ ಪತ್ತೆ ಮಾಡಿ, ಪರದೆಯ ಮೇಲೆ ಬಣ್ಣದ ನಕ್ಷೆ ಮೂಡಿಸಿತು. ಮೊದಲು ಮಿಡಿದ ಜಾಗ ಕೆಂಪು, ಕೊನೆಗೆ ಮಿಡಿದದ್ದು ನೇರಳೆ. ಮರು ವರ್ಷ ಫ್ರಾನ್ಸಿನ ಬೋರ್ಡೋದ ಹೈಸಾಗೆರ್, 45 ಜನ ರೋಗಿಗಳನ್ನು ನೋಡಿ, ಏಟ್ರಿಯಲ್ ಫಿಬ್ರಿಲೇಶನ್ ಅನ್ನುವ ಅಡ್ಡಾದಿಡ್ಡಿ ಬಡಿತದ ಕಿಡಿಗಳಲ್ಲಿ 94% ಹುಟ್ಟೋದು ಶ್ವಾಸಕೋಶದಿಂದ ರಕ್ತ ತರುವ ನಾಳಗಳ ಒಳಗೆ ಅಂತ ಕಂಡರು. ಎಲ್ಲರೂ ಹೃದಯದೊಳಗೆ ಹುಡುಕ್ತಿದ್ದಾಗ ಕಳ್ಳ ಹೊಸ್ತಿಲಾಚೆ ಕೂತಿದ್ದ.

ನನ್ನದು ಅಷ್ಟು ದೊಡ್ಡದಲ್ಲ. ಲೋಣಾವಳಾದ ಪಟ್ಟಿ ನೋಡಿದ ತಕ್ಷಣ ಪುಣೆಯ ತಜ್ಞರು ಹೇಳಿಬಿಟ್ಟರು: ನಿಮ್ಮ ಹೆಬ್ಬಾಗಿಲಿಗೆ ಎರಡು ದಾರಿ ಇವೆ, ಒಂದು ವೇಗದ್ದು, ಒಂದು ನಿಧಾನದ್ದು. ಸಾಮಾನ್ಯವಾಗಿ ವೇಗದ ದಾರಿಯಲ್ಲೇ ಸಂಚಾರ. ಯಾವಾಗಲಾದರೂ ಒಂದು ಬಡಿತ ಅವಧಿಗೆ ಮುಂಚೆ ಬಂದರೆ ವೇಗದ ದಾರಿ ಇನ್ನೂ ತೆರೆದಿರಲ್ಲ. ಅಲೆ ನಿಧಾನದ ದಾರಿಯಲ್ಲಿ ಇಳಿಯುತ್ತೆ. ಕೆಳಗೆ ಮುಟ್ಟುವಷ್ಟರಲ್ಲಿ ವೇಗದ ದಾರಿ ತೆರೆದಿರುತ್ತೆ, ಅದರಲ್ಲಿ ಮೇಲಕ್ಕೆ ಹತ್ತುತ್ತೆ. ಮತ್ತೆ ಇಳಿಯುತ್ತೆ, ಮತ್ತೆ ಹತ್ತುತ್ತೆ. ಹೊರಬರುವ ಷರತ್ತೇ ಇಲ್ಲದ ಲೂಪ್. ಮೈನ್ಸ್‌ನ ಉಂಗುರ. ನಾನು ಬಗ್ಗಿ ಎದ್ದಿದ್ದು ಆ ಒಂದು ಅಕಾಲದ ಬಡಿತಕ್ಕೆ ನೆಪ, ಅಷ್ಟೇ.

ಸಿರಿಂಜು ಊದಿದ್ದು ಯಾಕೆ ಕೆಲಸ ಮಾಡಿತು? ಮುಕ್ಕಿ ಬಿಟ್ಟ ಮೇಲೆ ರಕ್ತದೊತ್ತಡ ಜಿಗಿಯುತ್ತೆ, ಅದನ್ನು ಇಳಿಸಲು ವೇಗಸ್ ನರ ಎಚ್ಚರಗೊಳ್ಳುತ್ತೆ, ಹೆಬ್ಬಾಗಿಲಿಗೆ ಒಂದು ಕ್ಷಣ ಬ್ರೇಕ್ ಹಾಕುತ್ತೆ. ಲೂಪ್ ಕಡಿಯುತ್ತೆ. ಕಾಲೆತ್ತಿದರೆ ರಕ್ತ ಇನ್ನೂ ಜೋರಾಗಿ ವಾಪಸು ಬಂದು ಬ್ರೇಕ್ ಗಟ್ಟಿಯಾಗುತ್ತೆ. ಈ ಮುಕ್ಕುವಿಕೆಗೆ 1704ರಲ್ಲಿ ಕಿವಿಯ ಬಗ್ಗೆ ಗ್ರಂಥ ಬರೆದ ಇಟಲಿಯ ವಾಲ್ಸಾಲ್ವಾನ ಹೆಸರಿದೆ. 2015ರಲ್ಲಿ ಇಂಗ್ಲೆಂಡಿನಲ್ಲಿ 428 ಜನರ ಮೇಲೆ ಪರೀಕ್ಷೆ ನಡೆಯಿತು. ಬರೀ ಮುಕ್ಕಿದಾಗ 17% ಜನರಿಗೆ ಬಡಿತ ಸರಿಹೋದರೆ, ಮುಕ್ಕಿ ಮಲಗಿ ಕಾಲೆತ್ತಿದಾಗ 43% ಜನರಿಗೆ. ಈಗ ಇದೇ ಮೊದಲ ಚಿಕಿತ್ಸೆ. ಗಂಟಲು ಮುಚ್ಚಿ ಎದೆ ಹೊಟ್ಟೆ ಬಿಗಿಯೋದು, 1957ರಲ್ಲಿ ಆ ಮೂವರು ಮಾಡಿದ್ದೂ ಹೆಚ್ಚು ಕಡಿಮೆ ಇದೇ. ಅವರ ಕೈಯಲ್ಲಿ ಇದ್ದದ್ದು ಸಾಮಾನ್ಯ ವಿದ್ಯೆಯಲ್ಲ. ಹೆಸರು ಮಾತ್ರ ತಪ್ಪಾಗಿತ್ತು.

ಅದರಲ್ಲಿ ಚಿಕ್ಕಪ್ಪ ಅರ್ಧ ಸರಿ. ಇನ್ನರ್ಧಕ್ಕೆ ಸ್ವಾಮಿ ರಾಮರ ಕಥೆ ಕೇಳಿ. 1970ರಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ಮೆನ್ನಿಂಜರ್ ಸಂಸ್ಥೆಯಲ್ಲಿ ಎಲ್ಮರ್ ಗ್ರೀನ್ ಎದುರು ಅವರೂ ಹೃದಯ ನಿಲ್ಲಿಸಿ ತೋರಿಸಿದರು, 17 ಸೆಕೆಂಡು. ಪಟ್ಟಿಯಲ್ಲಿ ಗೆರೆ ಚಪ್ಪಟೆಯಾಗಲಿಲ್ಲ. ಬದಲಿಗೆ ನಿಮಿಷಕ್ಕೆ ಸುಮಾರು 300ರ ವೇಗ. ಏಟ್ರಿಯಲ್ ಫ್ಲಟರ್. ಅಷ್ಟು ವೇಗದಲ್ಲಿ ಹೃದಯ ತುಂಬಿಕೊಳ್ಳೋದೇ ಇಲ್ಲ, ಹಾಗಾಗಿ ನಾಡಿ ಇಲ್ಲ. ಅಂದರೆ ಅವರು ನಿಲ್ಲಿಸಿದ್ದಲ್ಲ, ಓಡಿಸಿದ್ದು! ಇವತ್ತು ನನ್ನಂಥವರು ದುಡ್ಡು ಕೊಟ್ಟು ಸುಡಿಸಿಕೊಳ್ಳುವ ಜಾತಿಯ ರೋಗವನ್ನೇ ಅವರು ಬೇಕೆಂದಾಗ ಬರಿಸಿಕೊಂಡಿದ್ದರು. ಇದನ್ನು ಸಿದ್ಧಿ ಅನ್ನಬೇಕೋ, ಅಪಾಯ ಅನ್ನಬೇಕೋ? ನಾನಂತೂ ಎರಡೂ ಅಂತೀನಿ.

ಅದೇ ಕ್ಯಾನ್ಸಸ್‌ನಲ್ಲಿ 2013ರಲ್ಲಿ ಧನಂಜಯ ಲಕ್ಕಿರೆಡ್ಡಿ ಅವರ ತಂಡ, ಆಗಾಗ ಏಟ್ರಿಯಲ್ ಫಿಬ್ರಿಲೇಶನ್ ಬರುವ 49 ಜನರಿಗೆ ಮೂರು ತಿಂಗಳು, ವಾರಕ್ಕೆ ಎರಡು ಸಲ ಯೋಗ ಮಾಡಿಸಿತು. ಯಾವ ಯೋಗ ಗೊತ್ತಾ? ನಮ್ಮ ಬೆಳ್ಳೂರಿನವರದು, ಅಯ್ಯಂಗಾರ್ ಪದ್ಧತಿ. ಅನುಭವಕ್ಕೆ ಬರುವ ಅಟ್ಯಾಕ್‌ಗಳು ಸರಾಸರಿ 3.8ರಿಂದ 2.1ಕ್ಕೆ ಇಳಿದವು. ಬೇರೆ ಹೋಲಿಕೆ ಗುಂಪಿರಲಿಲ್ಲ, ಅದೇ ಜನರ ಹಿಂದಿನ ಮೂರು ತಿಂಗಳ ಜೊತೆ ಹೋಲಿಸಿದ್ದು, ಹಾಗಾಗಿ ಇದನ್ನು ಹಿಡಿದು ಕುಣಿಯಬಾರದು. ಆದರೂ ಕಡಿಮೆಯಾಯ್ತು. ಸೊನ್ನೆ ಆಗಲಿಲ್ಲ.

ನನಗೆ ಉತ್ತರ ಸಿಕ್ಕಿದ್ದು ಇಲ್ಲೇ. ಉಸಿರು ಲೂಪನ್ನು ನಿಲ್ಲಿಸಬಲ್ಲದು, ಮತ್ತೆ ಬರೋದನ್ನು ಕಡಿಮೆಯೂ ಮಾಡಬಹುದು. ಆದರೆ ದಾರಿ ಅಲ್ಲೇ ಇರುತ್ತೆ. ಎಕ್ಸ್‌ಪ್ರೆಸ್‌ವೇಯಲ್ಲಿ ಕಾರು ಓಡಿಸ್ತಾ ಇರುವಾಗ ಬಂದರೆ ಯಾರು ಕಾಲೆತ್ತಿ ಹಿಡೀತಾರೆ? ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮಗಳು ಕೂತಿರ್ತಾಳೆ.

ಮಾಡಿಸಿಕೊಂಡೆ. ಎದೆ ಸೀಳೋದಿಲ್ಲ, ಪೂರ್ತಿ ಎಚ್ಚರ ತಪ್ಪಿಸೋದೂ ಇಲ್ಲ. ಬಲ ತೊಡೆಸಂದಿಯಲ್ಲಿ ಜೋಮು ಹಿಡಿಸುವ ಸೂಜಿ, ಅಲ್ಲಿಂದ ಮೂರು ತಂತಿ ಮೇಲಕ್ಕೆ. ನೋವಿಗಿಂತ ವಿಚಿತ್ರ ಅಂದರೆ, ಅವರು ಕಂಪ್ಯೂಟರಿನಲ್ಲಿ ಒತ್ತಿದ ಹಾಗೆ ನನ್ನ ಎದೆ ಬಡಿಯೋದು. "ಈಗ ನಿಮ್ಮ ಹಳೇ ಸ್ನೇಹಿತನನ್ನ ಕರೀತೀವಿ" ಅಂದರು ಡಾಕ್ಟರು. ಎರಡು ಮೂರು ಸಲ ತಟ್ಟಿದರು. ಬಂದುಬಿಟ್ಟ! ಅದೇ ಕಪ್ಪೆ, ಅದೇ ಕತ್ತಲೆ. ಭಯದ ನಡುವೆಯೂ ನನಗೆ ಒಂಥರಾ ಸಮಾಧಾನ. ಎರಡು ವರ್ಷ ಯಾರೂ ನಂಬದಿದ್ದ ಪ್ರಾಣಿಯನ್ನು ಕೋಣೆಯಲ್ಲಿದ್ದ ಆರು ಜನ ಪರದೆಯ ಮೇಲೆ ನೋಡ್ತಾ ಇದ್ದಾರಲ್ಲ ಅಂತ.

ಆಮೇಲೆ ನಿಧಾನದ ದಾರಿಯನ್ನು ಹುಡುಕಿದರು. 1906ರಲ್ಲಿ ಜಪಾನಿನ ಸುನಾವೋ ತವಾರಾ ಹೆಬ್ಬಾಗಿಲಿನ ಗಂಟನ್ನು ಕಂಡುಹಿಡಿದ ಜಾಗದ ಪಕ್ಕದಲ್ಲೇ ಅದು ಇರೋದು. ಸುಡಬೇಕಾದ ಚುಕ್ಕೆಗೂ ಮುಟ್ಟಬಾರದ ಹಿಸ್ ಕಟ್ಟಿಗೂ ಅಂತರ ಒಂದೆರಡು ಸೆಂಟಿಮೀಟರ್. ನೂರರಲ್ಲಿ 95ಕ್ಕೂ ಹೆಚ್ಚು ಜನರಿಗೆ ಪೂರ್ತಿ ಗುಣ, ಹೆಬ್ಬಾಗಿಲಿಗೇ ಪೆಟ್ಟಾಗಿ ಪೇಸ್‌ಮೇಕರ್ ಬೇಕಾಗುವ ಸಾಧ್ಯತೆ ನೂರಕ್ಕೆ ಒಂದು ಅಥವಾ ಅದಕ್ಕೂ ಕಡಿಮೆ ಅಂತ ಮೊದಲೇ ಹೇಳಿ ಸಹಿ ಹಾಕಿಸಿಕೊಂಡಿದ್ದರು. ನಕ್ಷೆ ಅನ್ನೋದರ ಬೆಲೆ ಅರ್ಥವಾಗಬೇಕಾದರೆ ಆ ಮಂಚದ ಮೇಲೆ ಮಲಗಿ ಆ 'ಒಂದು' ನಾನೇ ಇರಬಹುದು ಅಂತ ಯೋಚಿಸಬೇಕು. "ಅಲ್ಲಾಡಬೇಡಿ" ಅಂದರು. ಎದೆಯಲ್ಲಿ ಸ್ವಲ್ಪ ಬಿಸಿ ಬಿಸಿ. ಒಂದು ನಿಮಿಷ. ಮತ್ತೆ ಒಂದು ನಿಮಿಷ. ಆಮೇಲೆ ಅರ್ಧ ಗಂಟೆ ಅವನನ್ನು ಕರೆದರು, ಔಷಧಿ ಕೊಟ್ಟು ರೇಗಿಸಿದರು. ಬರಲಿಲ್ಲ. ಮರುದಿನ ಸಂಜೆ ಮನೆಯಲ್ಲಿದ್ದೆ. ಎರಡು ವರ್ಷ ಮೂರು ತಿಂಗಳಾಯ್ತು, ಇನ್ನೂ ಬಂದಿಲ್ಲ.

ಹೋದ ದಸರೆಗೆ ಮೈಸೂರಿಗೆ ಹೋದಾಗ 1961ರ ಪ್ರಬಂಧವನ್ನು ಪ್ರಿಂಟ್ ಹಾಕಿಸಿ ಚಿಕ್ಕಪ್ಪನಿಗೆ ಕೊಟ್ಟೆ. ಕನ್ನಡಕ ಏರಿಸಿ ಪೂರ್ತಿ ಓದಿದರು. ಕೃಷ್ಣಮಾಚಾರ್ಯರ ವಿಷಯ ಬಂದಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎಪ್ಪತ್ತಾಗಿತ್ತಲ್ಲೋ ಆಗ" ಅಂದರು. ನಾನೂ ಹೌದು ಅಂದೆ.

ಆಮೇಲೆ ನನ್ನ ಕೈಗಡಿಯಾರ ತಮ್ಮ ಕೈಗೆ ಕಟ್ಟಿಸಿಕೊಂಡರು. ಬಲಗೈ ಬೆರಳನ್ನು ಅದರ ಗುಂಡಿಯ ಮೇಲಿಟ್ಟು, ಈಸಿಜಿ ಶುರು ಮಾಡಿಸಿ, ಪದ್ಮಾಸನ ಹಾಕಿ ಉಸಿರು ಕಟ್ಟಿದರು. ನಾನು ಕುತ್ತಿಗೆಯ ಹತ್ತಿರ ನಾಡಿ ಹಿಡಿದೆ. ಮಂಕಾಯಿತು, ಮಂಕಾಯಿತು, ಸಿಗಲೇ ಇಲ್ಲ. ಮೂವತ್ತು ಸೆಕೆಂಡು ಮುಗಿದು ನೋಡಿದರೆ, ಸ್ನಾಯು ಬಿಗಿದದ್ದಕ್ಕೆ ಪರದೆಯ ತುಂಬ ಬರೀ ಗೀಚು. ನಡುನಡುವೆ ಮಾತ್ರ ಸಣ್ಣ ಸಣ್ಣ ಮೊನೆಗಳು, ಒಂದೇ ಸಮನಾದ ಅಂತರದಲ್ಲಿ. "ನೋಡಿ ಚಿಕ್ಕಪ್ಪ, ಬಡೀತಾನೇ ಇದೆ" ಅಂತ ತೋರಿಸಿದೆ.

ಗಡಿಯಾರ ಬಿಚ್ಚಿ ಕೊಡ್ತಾ ಕೇಳಿದರು: "ಇದರಲ್ಲಿ ಎಷ್ಟು ಲೀಡೋ ಇರೋದು?"

"ಒಂದೇ" ಅಂದೆ.

"ಹ್ಞಾ" ಅಂದು, ಕಾಫಿ ತರೋಕೆ ಹೇಳಿ ಎದ್ದು ಹೋದರು.